ಹಾಡುಗಾರನ ಸಾವಿಗೆ ಒಂದು ದೇಗ್ಚಿ ದಾಲ್ಚಾ

ಸರಕು ಎಂದು ನೋಡಿದರೆ ಆಬ್ರಿ ವಾಟ್ಕಿನ್ಸ್ ಅವರನ್ನು ಯಾವ ವ್ಯಾಪಾರಿಯೂ ಅಂಗಡಿಯೊಳಗೆ ಇಳಿಸಿಕೊಳ್ಳುತ್ತಿರಲಿಲ್ಲ. ವಯಸ್ಸು ಅರವತ್ತು ದಾಟಿತ್ತು. ಎದೆಯಲ್ಲಿರಬೇಕಾದ ಅಳತೆಯೆಲ್ಲ ಹೊಟ್ಟೆಗೆ ಇಳಿದಿತ್ತು. ಮಂಡಿಗಳು ಎಷ್ಟು ಸವೆದಿದ್ದವೆಂದರೆ, ವೇದಿಕೆ ಹತ್ತುವಾಗ ಡ್ರಮ್ಮಿನವನು ಹಿಂದಿನಿಂದ ತಳ್ಳಬೇಕು, ಗಿಟಾರಿನವನು ಮುಂದಿನಿಂದ ಎಳೆಯಬೇಕು. ತಲೆಯ ಮುಂಭಾಗ ಪೂರ್ತಿ ಖಾಲಿಯಾಗಿ ಹಿಂದೆ ಮಾತ್ರ ಒಂದು ಬಿಳಿ ಜುಟ್ಟು ಉಳಿದಿತ್ತು, ಬೀರುವಿನ ಮೂಲೆಯಲ್ಲಿ ಮಾರಾಟವಾಗದೆ ಉಳಿದ ತುಂಡು ಬಟ್ಟೆಯ ಹಾಗೆ. ಇನ್ನು ದನಿ! ಬೆಳಗ್ಗೆ ಶಿವಾಜಿನಗರದಲ್ಲಿ ತುಕ್ಕು ಹಿಡಿದ ಶಟರ್ ಎತ್ತುವ ಸದ್ದು ಕೇಳಿದ್ದೀರಲ್ಲ, ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟರೆ ಆಬ್ರಿ.

ಆದರೂ ಆ ವರ್ಷ, ಅಂದರೆ ತೊಂಬತ್ತೇಳರ ನವೆಂಬರಿನಲ್ಲಿ, ಕೋಲ್ಸ್ ಪಾರ್ಕಿನ ಹತ್ತಿರದ ಸಭಾಂಗಣವೊಂದರ ಗೋಡೆಯ ಮೇಲೆ ಪೋಸ್ಟರು ಬಿತ್ತು: ‘ರಾಕ್ ದೊರೆ ಆಬ್ರಿ ವಾಟ್ಕಿನ್ಸ್! ಕಟ್ಟಕಡೆಯ ಕಾರ್ಯಕ್ರಮ! ಶುಕ್ರವಾರ, ಶನಿವಾರ, ಭಾನುವಾರ!’ ಕಟ್ಟಕಡೆಯದು ಮೂರು ದಿನ ಹೇಗಾಗುತ್ತದೆ ಎಂದು ಸನಾವುಲ್ಲಾ ಕೇಳಲಿಲ್ಲ. ಅವನ ಅಂಗಡಿಯಲ್ಲೇ ‘ಅಂಗಡಿ ಖಾಲಿ ಮಾಡುತ್ತಿದ್ದೇವೆ, ಇಂದೇ ಕೊನೆ’ ಎಂಬ ಬೋರ್ಡು ವರ್ಷಗಳಿಂದ ತೂಗಾಡುತ್ತಿತ್ತು. ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯ ಬೋರ್ಡನ್ನು ಪ್ರಶ್ನಿಸಬಾರದು. ಅದು ಕಸುಬಿನ ಧರ್ಮ.

ಸನಾವುಲ್ಲಾನದು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಶೇರ್ವಾನಿ ಅಂಗಡಿ. ಮದುವೆ ಗಂಡು ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಟೇಪು ಹಿಡಿಯದೆಯೇ ಎದೆ, ತೋಳು, ಕುತ್ತಿಗೆಯ ಅಳತೆ ಹೇಳಿಬಿಡುತ್ತಿದ್ದ. ಹಿಂದೆ ಬಂದ ಮಾವನ ಮುಖ ನೋಡಿ, ಯಾವ ಬೀರು ತೆರೆಯಬೇಕು, ಯಾವುದನ್ನು ಮುಚ್ಚಿಯೇ ಇಡಬೇಕು ಎಂಬುದೂ ಅವನಿಗೆ ಗೊತ್ತಾಗುತ್ತಿತ್ತು. ಇಂಥ ಕಣ್ಣು ಆಬ್ರಿಯ ವಿಷಯದಲ್ಲಿ ಮಾತ್ರ ಕುರುಡು.

ಅದಕ್ಕೆ ಕಾರಣವಿತ್ತು. ಸನಾವುಲ್ಲಾನಿಗೆ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ ಆಬ್ರಿ ಅವನ ಅಪ್ಪನ ಅಂಗಡಿಗೆ ಬಂದು ಕೆಂಪು ಮಖಮಲ್ಲಿನ ಕೋಟು ಹೊಲಿಸಿದ್ದರು. ಅದಕ್ಕೆ ಚಿನ್ನದ ಬಣ್ಣದ ಗುಂಡಿ ಹಾಕಿದವನು ಸನಾವುಲ್ಲಾ. ತನ್ನ ಗುಂಡಿ ವೇದಿಕೆಯ ಮೇಲೆ ಹೇಗೆ ಹೊಳೆಯುತ್ತದೆ ನೋಡೋಣವೆಂದು, ಪಕ್ಕದ ಗುಂಡಿ–ಲೇಸಿನ ಅಂಗಡಿಯ ಗೆಳೆಯ ಮುನಿಶಾಮಿಯನ್ನು ಕರೆದುಕೊಂಡು ಅವತ್ತು ಸಂಜೆ ಸಭಾಂಗಣದ ಗೋಡೆ ಹತ್ತಿದ. ಆಬ್ರಿ ತಾವೇ ಕಟ್ಟಿದ ಒಂದು ಹಾಡು ಎತ್ತಿಕೊಂಡರು. ದಂಡು ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮು, ಪೆಟ್ಟಿಗೆ ಹಿಡಿದು ನಿಂತ ಒಬ್ಬಳು ಹುಡುಗಿ, ಹೊರಡಲು ಸಿಳ್ಳೆ ಹಾಕುತ್ತಿರುವ ರೈಲು. ಆಬ್ರಿ ರೈಲಿನ ಹಾಗೆ ಸಿಳ್ಳೆ ಹಾಕಿದರೆ ಇಡೀ ಸಭಾಂಗಣ ತಿರುಗಿ ಸಿಳ್ಳೆ ಹಾಕುತ್ತಿತ್ತು. ಹುಡುಗಿ ರೈಲು ಹತ್ತಿದಳೋ, ಅಲ್ಲೇ ಉಳಿದಳೋ? ಅದು ತಿಳಿಯುವ ಗಳಿಗೆಗೆ ಸರಿಯಾಗಿ ವಾಚ್‌ಮನ್ ಬಂದು ಇಬ್ಬರನ್ನೂ ಕಾಲು ಹಿಡಿದು ಕೆಳಗೆ ಎಳೆದ.

ಆಮೇಲೆ ಆಬ್ರಿ ಪರದೇಶದ ಹೋಟೆಲುಗಳಲ್ಲಿ ಹಾಡಲು ಹೊರಟುಹೋದರು. ಎಷ್ಟೋ ಕ್ಯಾಸೆಟ್ಟು ಬಂದವು. ದಂಡು ಹಾಡನ್ನು ಮಾತ್ರ ಅವರು ಯಾವ ಕ್ಯಾಸೆಟ್ಟಿಗೂ ಕೊಡಲಿಲ್ಲ. ಸನಾವುಲ್ಲಾನಿಗೆ ಮದುವೆಯಾಯಿತು, ಮಗಳಾದಳು, ಕನ್ನಡಕ ಬಂತು. ಆ ಹುಡುಗಿ ಮಾತ್ರ ಅವನ ತಲೆಯೊಳಗಿನ ಪ್ಲಾಟ್‌ಫಾರ್ಮಿನ ಮೇಲೆ ಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದಳು. ಈಗ ಆಬ್ರಿ ಕಾಕ್ಸ್ ಟೌನಿನ ಹಳೇ ಮನೆಗೆ ವಾಪಸ್ ಬಂದಿದ್ದರು. ಹಾಡಿನ ಕೊನೆ ಕೇಳದೆ ಸಾಯಬಾರದೆಂದು ಸನಾವುಲ್ಲಾ ನಿಶ್ಚಯಿಸಿದ.

ತೊಡಕು ಒಂದೇ. ಹಿಂದಿನ ವಾರವಷ್ಟೇ ಕಾಲೇಜಿಗೆ ಹೋಗುವ ಮಗಳು ಸಾಮಿಯಾ ಇದೇ ಕಾರ್ಯಕ್ರಮಕ್ಕೆ ಟಿಕೆಟ್ ಕೇಳಿದ್ದಳು. ಸನಾವುಲ್ಲಾ ಊಟದ ಮುಂದೆ ಕೂತು ಭಾಷಣ ಬಿಗಿದಿದ್ದ: “ಅದು ಹಾಡಾ? ತಗಡಿನ ಮೇಲೆ ಕಲ್ಲು ಸುರಿದ ಹಾಗೆ! ಮರ್ಯಾದಸ್ಥರು ಹೋಗೋ ಜಾಗ ಅಲ್ಲ ಅದು. ಓದ್ಕೋ ಹೋಗು!” ಅಂಥ ಭಾಷಣ ಮಾಡಿದ ಬಾಯಿಂದ ‘ನಾನು ಹೋಗಿಬರ್ತೀನಿ’ ಎನ್ನುವುದು ಹೇಗೆ?

“ಸುಳ್ಳು ಹೇಳಿದ್ರಾಯ್ತು,” ಎಂದು ಮುನಿಶಾಮಿಯ ಅಂಗಡಿಯಲ್ಲಿ ಟೀ ಕುಡಿಯುತ್ತಾ ಘೋಷಿಸಿದ. “ಇಷ್ಟು ವರ್ಷದಿಂದ ‘ಬಣ್ಣ ಬಿಡಲ್ಲ’ ಅಂತ ಹೇಳ್ಕೊಂಡ್ ಬಂದಿದ್ದೀನಿ. ಯಾವನಾದ್ರೂ ವಾಪಸ್ ಬಂದ್ನಾ?”

“ಬಂದ್ರಲ್ಲ ಭಾಯ್, ಬೇಕಾದಷ್ಟು ಜನ.”

“ಬಂದ್ರು. ಬಂದು ಇನ್ನೊಂದು ತಗೊಂಡ್ ಹೋದ್ರು! ಮಾತಿನ ತಾಕತ್ತು ಅಂದ್ರೆ ಅದು. ಅಂಥವನಿಗೆ ಒಂದು ಸಂಜೆ, ಒಬ್ಬಳು ಹೆಂಡ್ತಿಗೆ, ಒಂದು ಸುಳ್ಳು ಹೇಳೋದು ಯಾವ ಮಹಾ ಕೆಲಸ!”

ಮುನಿಶಾಮಿ ಹಲಸೂರಿನವನು, ಮೊಮ್ಮಕ್ಕಳನ್ನು ಕಂಡವನು. ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದ: “ಗಿರಾಕಿ ವರ್ಷಕ್ಕೊಂದ್ಸಲ ಬರ್ತಾನೆ ಭಾಯ್. ಹೆಂಡ್ತಿ ದಿನಾ ಮನೇಲೇ ಇರ್ತಾಳೆ.”

ಶುಕ್ರವಾರ ಸಂಜೆ ಸನಾವುಲ್ಲಾ ಅತ್ತರು ಹಚ್ಚಿಕೊಂಡು, ಹಲಸೂರಿನಲ್ಲಿ ಮುನಿಶಾಮಿಯ ಮನೆಯಲ್ಲಿ ನಾಮಕರಣವೆಂದು ಹೇಳಿ ಹೊರಟ. ಮೂರನೇ ಸಾಲಿನಲ್ಲಿ ಮುನಿಶಾಮಿಯ ಪಕ್ಕ ಜಾಗ. ಆಬ್ರಿಯನ್ನು ತಳ್ಳಿ, ಎಳೆದು ವೇದಿಕೆಗೆ ಹತ್ತಿಸಿದರು. ಮೈಕು ಹಿಡಿಯುವವರೆಗೆ ಅವರು ಮುದುಕ. ಹಿಡಿದ ಮೇಲೆ ಸಭಾಂಗಣದ ಕಿಟಕಿಗಳೆಲ್ಲ ಅದುರಿದವು. ಸನಾವುಲ್ಲಾ ಎದ್ದು ನಿಂತ. ಆಮೇಲೆ ಕುರ್ಚಿಯ ಮೇಲೆ ನಿಂತ. “ದಂಡು! ದಂಡು!” ಎಂದು ಅರಚಿದ. ಆಬ್ರಿ ಹಣೆಗೆ ಕೈ ಅಡ್ಡ ಹಿಡಿದು ಅವನತ್ತ ನೋಡಿದರು. “ದಂಡು? ನಾಳೆ ಮ್ಯಾನ್, ನಾಳೆ!”

ಇದು ಎಂಥ ವ್ಯಾಪಾರ ನೋಡಿ! ಗಿರಾಕಿ ಕೇಳಿದ ಮಾಲನ್ನು ಒಳಗಿಟ್ಟು ಮಿಕ್ಕಿದ್ದನ್ನೆಲ್ಲ ಮೊದಲು ತೋರಿಸುವ ವಿದ್ಯೆಯನ್ನು ಸನಾವುಲ್ಲಾ ತಾನೇ ಕಂಡುಹಿಡಿದದ್ದೆಂದು ತಿಳಿದಿದ್ದ. ಹೊರಗೆ ಬಂದವನೇ ಶನಿವಾರದ ಟಿಕೆಟ್ ತೆಗೆದ.

ಮನೆಯಲ್ಲಿ ಬದ್ರುನ್ನೀಸಾ ಬಾಗಿಲು ತೆಗೆದಳು.

“ನಾಮಕರಣ ಆಯ್ತಾ?”

“ಆಯ್ತು” ಎಂದ. ಬಾಯಿಂದ ಬರೀ ಗಾಳಿ ಬಂತು.

“ಮಗು ಹೆಸರನ್ನ ನೀವೊಬ್ರೇ ಕೂಗಿದ್ರಾ? ಗಂಟಲೇ ಹೋಗಿದೆ. ಏನ್ ಹೆಸರಿಟ್ರು?”

“ಮುನಿರಾಜ್.”

“ಮುನಿರಾಜಾ? ಹೆಣ್ಮಗು ಅಂತ ಹೋದ ತಿಂಗಳು ಸ್ವೀಟ್ ಕಳ್ಸಿದ್ರಲ್ಲ?”

ಸನಾವುಲ್ಲಾ ಚಪ್ಪಲಿ ಬಿಚ್ಚಿ ಮೂಲೆಗೆ ತಳ್ಳಿದ. “ಇದು ಇನ್ನೊಂದು,” ಎಂದ.

“ಒಂದು ತಿಂಗಳಲ್ಲಿ?”

“ಇನ್ನೊಬ್ಬ ಮಗಳದು, ಬೇಗಂ! ಲೆಕ್ಕ ಯಾಕೆ ಕೇಳ್ತೀಯ, ಅವರ ಮನೆ ಮಗು!”

ಬದ್ರುನ್ನೀಸಾ ಬೆಲ್ಲ ಹಾಕಿದ ಶುಂಠಿ ಕಷಾಯ ಮಾಡಿ ಕೊಟ್ಟಳು. ಗೆದ್ದೆನೆಂದು ಸನಾವುಲ್ಲಾ ಅದನ್ನು ಕುಡಿದ.

ಶನಿವಾರದ ಸುಳ್ಳು ಕೆ.ಆರ್. ಪುರದ ಗೋಡೌನಿನಲ್ಲಿ ಮಾಲು ಎಣಿಸುವುದು. ಅವತ್ತೂ “ದಂಡು!” ಎಂದು ಕೂಗಿದ್ದಕ್ಕೆ ಆಬ್ರಿ “ಸಂಡೇ ಮ್ಯಾನ್!” ಎಂದು ಕಣ್ಣು ಹೊಡೆದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಕೊನೆಗೆ ತೀರಿಹೋದ ತಾಯಿಯ ಮೇಲೆ ಒಂದು ನಿಧಾನದ ಹಾಡು ಹಾಡಿಬಿಟ್ಟರು. ಸನಾವುಲ್ಲಾ ಮುನಿಶಾಮಿಯ ಹೆಗಲ ಮೇಲೆ ತಲೆಯಿಟ್ಟು ಅತ್ತ. ಮುನಿಶಾಮಿ ಸನಾವುಲ್ಲಾನ ತಲೆಯ ಮೇಲೆ ಗಲ್ಲವಿಟ್ಟು ಅತ್ತ. ಭಾನುವಾರದ ಟಿಕೆಟ್ ಕೊಡುವ ಕಿಟಕಿಯ ಮುಂದೆಯೂ ಇಬ್ಬರೂ ಮೂಗು ಒರೆಸಿಕೊಳ್ಳುತ್ತಲೇ ನಿಂತಿದ್ದರು.

ಬದ್ರುನ್ನೀಸಾ ಬಾಗಿಲು ತೆಗೆದು ಗಂಡನ ಮುಖ ನೋಡಿದಳು. ಕಣ್ಣು ಕೆಂಡ, ಮೂಗು ಕೆಂಪು, ದನಿ ಇಲ್ಲ. ಗೋಡೌನಿನ ಮಾಲು ಎಣಿಸಿ ಯಾರೂ ಹೀಗೆ ಬರುವುದಿಲ್ಲ.

“ಯಾ ಅಲ್ಲಾ! ಸಾಮಿಯಾಳ ಅಬ್ಬಾ, ಯಾರು ಹೋದ್ರು?”

ಪಾಪ, ಸುಳ್ಳನ್ನು ಅವಳೇ ತಟ್ಟೆಯಲ್ಲಿಟ್ಟು ಕೊಟ್ಟಳು! ಅವನು ಮಾಡಬೇಕಾದ ಕೆಲಸ ಬರೀ ಒಂದು ಹೆಸರು ಹೇಳುವುದು. ಬೀದಿಯಲ್ಲಿ ಎಷ್ಟು ಹೆಸರಿಲ್ಲ, ಲೋಕದಲ್ಲಿ ಎಷ್ಟು ಜನ ಆಗಲೇ ಸತ್ತಿಲ್ಲ! ಆದರೆ ಎರಡು ದಿನದಿಂದ ಸನಾವುಲ್ಲಾನ ನಾಲಿಗೆಯ ಮೇಲೆ ಇದ್ದದ್ದು ಒಂದೇ.

“ಆಬ್ರಿ,” ಎಂದುಬಿಟ್ಟ.

“ಯಾರದು?”

“ಹಳೇ ಗಿರಾಕಿ. ಅಪ್ಪನ ಕಾಲದವರು. ಕಾಕ್ಸ್ ಟೌನ್.”

ಒಳಗಿನ ಕೋಣೆಯ ಬಾಗಿಲು ಧಡಾರನೆ ತೆರೆಯಿತು. “ಆಬ್ರಿ ವಾಟ್ಕಿನ್ಸ್? ಸಿಂಗರ್? ಅಬ್ಬಾ, ಇವತ್ತು ಕೂಡ ಪ್ರೋಗ್ರಾಂ ಇತ್ತಲ್ಲ ಅವ್ರದು!” ಎಂದು ಸಾಮಿಯಾ ಓಡಿಬಂದಳು.

“ಮುಗಿದ ಮೇಲೆ,” ಎಂದ ಸನಾವುಲ್ಲಾ. ಇಳಿಜಾರಿನಲ್ಲಿ ಬ್ರೇಕು ಕಿತ್ತ ಲಾರಿಯವನಿಗೂ ಸ್ಟೇರಿಂಗ್ ತಿರುಗಿಸುವ ಆಸೆ ಇರುತ್ತದೆ. “ಹಾರ್ಟು. ಯಾರೋ ಬಂದು ಹೇಳಿದ್ರು. ಮನೆವರೆಗೂ ಹೋಗಿ ಬಂದೆ.”

ಸಾಮಿಯಾ ಅಳುತ್ತಾ ನೆಲದ ಮೇಲೆ ಕೂತುಬಿಟ್ಟಳು. “ನಾನ್ ಒಂದ್ಸಲ ನೋಡ್ಬೇಕಿತ್ತು ಅಬ್ಬಾ. ನೀವು ಬಿಡ್ಲಿಲ್ಲ.”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಸನಾವುಲ್ಲಾ ಬಾಯಿ ತೆರೆದ. ಗಂಟಲು ಕೂತಿದ್ದರಿಂದಲೋ, ಧೈರ್ಯ ಕೂತಿದ್ದರಿಂದಲೋ, ಏನೂ ಬರಲಿಲ್ಲ. ಹೋಗಿ ಮುಸುಕು ಹಾಕಿಕೊಂಡು ಮಲಗಿದ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು, ಪರಿಚಯದವರು ಊಟ ಕಳಿಸಬೇಕು. ಅವರ ಪೈಕಿ ಅದು ಕಟ್ಟುಪಾಡು. ಬದ್ರುನ್ನೀಸಾಗೆ ಈ ವಿಷಯದಲ್ಲಿ ದೊಡ್ಡ ಹೆಸರು. ಸತ್ತ ಸುದ್ದಿಗಿಂತ ಮೊದಲು ಅವಳ ಬೇಳೆ–ಮಾಂಸದ ದಾಲ್ಚಾ ಮುಟ್ಟುತ್ತದೆ ಎಂದು ಗಲ್ಲಿಯವರು ಹೇಳುವುದುಂಟು. ಗಂಡ ಎದ್ದು ಭಾನುವಾರದ ವ್ಯಾಪಾರಕ್ಕೆ ಅಂಗಡಿಗೆ ಓಡಿದ ಮೇಲೆ ಅವಳು ಅಟ್ಟದಿಂದ ದೊಡ್ಡ ದೇಗ್ಚಿ ಪಾತ್ರೆ ಇಳಿಸಿದಳು. ಇತ್ತ ಸಾಮಿಯಾ ಫೋನಿನ ಮುಂದೆ ಕೂತು ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿಸಿದಳು. ಒಬ್ಬೊಬ್ಬಳು ಇನ್ನೈದು ಮನೆಗೆ ಮುಟ್ಟಿಸಿದಳು.

ಮಧ್ಯಾಹ್ನದ ಹೊತ್ತಿಗೆ ಮುನಿಶಾಮಿ ಲೇಸಿನ ಸುರುಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸನಾವುಲ್ಲಾನ ಅಂಗಡಿಗೆ ನುಗ್ಗಿದ. ಅರ್ಧ ಲೇಸು ಬೀದಿಯಲ್ಲಿ ಎಳೆದುಕೊಂಡು ಬರುತ್ತಿತ್ತು.

“ಭಾಯ್! ಹೋಗ್ಬಿಟ್ರು ಭಾಯ್! ಆಬ್ರಿ ಹೋಗ್ಬಿಟ್ರಂತೆ!”

ಸನಾವುಲ್ಲಾನ ಕೈಯಿಂದ ಕತ್ತರಿ ಬಿತ್ತು. ಸ್ಟೂಲಿನ ಮೇಲೆ ಕುಸಿದ. ದಂಡು ಹಾಡು ಮುಗಿಯಿತು. ಆ ಹುಡುಗಿ ಇನ್ನು ರೈಲು ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಅವನ ಕಣ್ಣಿಂದ ಬಳಬಳನೆ ನೀರಿಳಿಯಿತು.

“ಹೇಗಂತೆ?” ಎಂದು ಬಿಕ್ಕುತ್ತಾ ಕೇಳಿದ.

“ನಿನ್ನೆ ಪ್ರೋಗ್ರಾಂ ಆದ್ಮೇಲಂತೆ. ಹಾರ್ಟಂತೆ.”

ಸನಾವುಲ್ಲಾನ ಅಳು ಅಲ್ಲೇ ನಿಂತಿತು. ಈ ಮಾಲನ್ನು ಎಲ್ಲೋ ನೋಡಿದ ಹಾಗಿದೆಯಲ್ಲ! ತಾನೇ ಕತ್ತರಿಸಿ, ತಾನೇ ಹೊಲಿದು, ಮನೆಬಾಗಿಲಲ್ಲಿ ಮಾರಿದ ಸುಳ್ಳು ಇಡೀ ದಂಡು ಪ್ರದೇಶ ಸುತ್ತಿ, ಹೊಸ ಸರಕಾಗಿ ತನ್ನ ಅಂಗಡಿಗೇ ಬಂದಿತ್ತು. ತಾನೇ ಅದನ್ನು ಕೊಂಡೂ ಆಗಿತ್ತು!

“ಮುನಿಶಾಮಿ, ಇದು ನಂದು,” ಎಂದ. “ನಾನೇ ಹೇಳಿದ್ದು. ಬದ್ರುಗೆ. ಅವ್ರು ಸತ್ತಿಲ್ಲ.”

ಮುನಿಶಾಮಿ ಲೇಸಿನಿಂದಲೇ ಕಣ್ಣೊರೆಸಿಕೊಂಡ. “ಥೂ ನಿನ್ನ! ಹೇಳೋಕ್ ಬೇರೆ ಯಾರ ಹೆಸರೂ ಸಿಗ್ಲಿಲ್ವಾ? ನಮ್ಮತ್ತೇನ ಸಾಯ್ಸಿದ್ರೆ ಯಾರ್ ಬೇಡ ಅಂತಿದ್ರು!” ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು. “ಅಲ್ಲಾ ಭಾಯ್, ಸತ್ತೋರ ಪ್ರೋಗ್ರಾಂ ಯಾರ್ ನಡೆಸ್ತಾರೆ? ಇವತ್ತಿಂದು ಕ್ಯಾನ್ಸಲ್ ಮಾಡಿದ್ರೆ ನಿನ್ನ ದಂಡು ಹಾಡು?”

ಇಬ್ಬರೂ ಆಟೋ ಹಿಡಿದರು.

ಕಾಕ್ಸ್ ಟೌನಿನ ಆ ಮನೆಯ ಮುಂದೆ ಜನ ಹೂವು ಹಿಡಿದು ನಿಂತಿದ್ದರು. ಯಾರೋ ತಂದ ದೊಡ್ಡ ಹೂವಿನ ಚಕ್ರ ಗೋಡೆಗೆ ಒರಗಿತ್ತು. ಸನಾವುಲ್ಲಾ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ ಹೊಸ್ತಿಲಲ್ಲೇ ನಿಂತ. ಊಟದ ಮೇಜಿನ ಮುಂದೆ ಆಬ್ರಿ ವಾಟ್ಕಿನ್ಸ್ ಬನಿಯನ್–ಲುಂಗಿಯಲ್ಲಿ ಕೂತಿದ್ದರು. ತಟ್ಟೆಯ ತುಂಬ ಖುಷ್ಕಾ ಅನ್ನ, ಮೇಲೆ ದಾಲ್ಚಾ. ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದವಳು ಬದ್ರುನ್ನೀಸಾ. ಎದುರು ಕುರ್ಚಿಯಲ್ಲಿ ಸಾಮಿಯಾ, ಕಣ್ಣು ಮಿಟುಕಿಸದೆ ಆಬ್ರಿಯನ್ನೇ ನೋಡುತ್ತಿದ್ದಳು.

“ಬಾಗಿಲು ತೆಗೆದೋರು ಇವ್ರೇ,” ಎಂದಳು ಬದ್ರುನ್ನೀಸಾ, ಗಂಡನ ಕಡೆ ತಿರುಗದೆ. “ನಾನು ಇವ್ರನ್ನೇ ‘ಮಯ್ಯತ್ ಎಲ್ಲಿ ಇಟ್ಟಿದ್ದಾರೆ ಅಣ್ಣಾ’ ಅಂತ ಕೇಳ್ದೆ.”

“ನಾನು ‘ದೇಹ ಇಲ್ಲೇ ನಿಂತಿದೆ ಸಿಸ್ಟರ್, ತುಂಬಾ ಹಸಿದಿದೆ’ ಅಂದೆ,” ಎಂದು ಆಬ್ರಿ ಬೆರಳು ಚೀಪಿದರು. ಆಮೇಲೆ ಹೊಸ್ತಿಲಲ್ಲಿ ನಿಂತವನನ್ನು ನೋಡಿದರು. “ನೀನೇನಾ ನನ್ನ ಸಾಯಿಸಿದ್ದು? ಬಾ ಮ್ಯಾನ್, ಕೂತ್ಕೋ. ನಂಗೊಂದ್ ಡೌಟು. ನಾನು ಏನಾಗಿ ಸತ್ತೆ?”

“ಹಾರ್ಟು, ಸರ್.”

“ಗುಡ್. ಮಂಡಿ ಅಂದಿದ್ರೆ ಬೇಜಾರಾಗ್ತಿತ್ತು.”

ಇಷ್ಟಕ್ಕೆ ಮುಗಿಯಬಹುದಿತ್ತು. ಯಾರೋ ತಪ್ಪು ಸುದ್ದಿ ಕೊಟ್ಟರು ಎಂದು ಸನಾವುಲ್ಲಾ ಹೇಳಲು ಹೊರಟಿದ್ದ. ಆ ಯಾರೋ ಒಬ್ಬನಿಗೆ ಎತ್ತರ, ಮೈಬಣ್ಣ, ಅಂಗಿಯ ಅಳತೆ ಎಲ್ಲವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಆದರೆ ಆಬ್ರಿ ಕಣ್ಣು ಕಿರಿದು ಮಾಡಿ ಅವನನ್ನೇ ದಿಟ್ಟಿಸಿ, ಮೇಜು ಗುದ್ದಿದರು.

“ಏಯ್! ಥರ್ಡ್ ರೋ! ಫ್ರೈಡೇನೂ ನೀನೇ, ನಿನ್ನೆನೂ ನೀನೇ! ಕುರ್ಚಿ ಹತ್ತಿ ‘ದಂಡು, ದಂಡು’ ಅಂತ ಅರಚ್ತಿದ್ದೋನು! ನಮ್ಮಮ್ಮನ ಹಾಡಿಗೆ ನಂಗಿಂತ ಜಾಸ್ತಿ ಅತ್ತೋನು!”

ಬದ್ರುನ್ನೀಸಾ ಸೌಟನ್ನು ದೇಗ್ಚಿಯೊಳಗೆ ಮೆಲ್ಲನೆ ಇಳಿಸಿದಳು.

“ಹಾಗಾದ್ರೆ ಮುನಿರಾಜ್ ಹುಟ್ಲಿಲ್ಲ,” ಎಂದಳು.

ಹೊಸ್ತಿಲ ಆಚೆ ನಿಂತಿದ್ದ ಮುನಿಶಾಮಿ ತಲೆ ಒಳಗೆ ಹಾಕಿದ. “ಯಾವ ಮುನಿರಾಜ್ ಅಕ್ಕಾ?”

“ನಿಮ್ಮ ಮೊಮ್ಮಗ.”

ಮುನಿಶಾಮಿ ತಲೆಯನ್ನು ಮತ್ತೆ ಹೊರಗೆ ತೆಗೆದುಕೊಂಡ.

ಸಾಮಿಯಾ ಎದ್ದು ಅಪ್ಪನ ಮುಂದೆ ಬಂದು ನಿಂತಳು. ಕೂಗಲಿಲ್ಲ, ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಮರ್ಯಾದಸ್ಥರು ಹೋಗೋ ಜಾಗ ಅಲ್ಲ ಅಂದ್ರಿ ಅಬ್ಬಾ.”

“ನಾನು... ನೋಡ್ಕೊಂಡ್ ಬರೋಣ ಅಂತ... ನಿಂಗೋಸ್ಕರ...”

“ಎರಡು ದಿನ?”

ಸನಾವುಲ್ಲಾನ ಮಾತಿನ ಬಣ್ಣ ಪೂರ್ತಿ ಬಿಟ್ಟಿತ್ತು.

ಅಷ್ಟರಲ್ಲಿ ಫೋನು ಬಂತು. ಸಭಾಂಗಣದವರು. ಆಬ್ರಿ ಕೇಳಿಸಿಕೊಂಡು, ನಕ್ಕು, ಫೋನಿಟ್ಟರು. ಕಾರ್ಯಕ್ರಮ ರದ್ದಾಗುವ ಮಾತೇ ಇಲ್ಲ. ಸತ್ತಿದ್ದಾರೋ ಬದುಕಿದ್ದಾರೋ ಕಣ್ಣಾರೆ ನೋಡೋಣವೆಂದು ಜನ ಮುಗಿಬಿದ್ದು ಉಳಿದ ಟಿಕೆಟ್ಟೆಲ್ಲ ಖಾಲಿಯಾಗಿತ್ತು. ಬದುಕಿದ್ದಾಗ ಇಲ್ಲದ ಗಿರಾಕಿ ಸತ್ತ ಮೇಲೆ! ಆದರೆ ಟಿಕೆಟ್ ಮೊದಲೇ ತೆಗೆದಿದ್ದ ಹಳಬರು ಗೇಟಿನವರೆಗೆ ಬಂದು, ಅಳುತ್ತಾ ವಾಪಸ್ ಹೋಗುತ್ತಿದ್ದರಂತೆ.

“ಅಲ್ಲೊಬ್ರು ಬೇಕು ಮ್ಯಾನ್,” ಎಂದರು ಆಬ್ರಿ. “ಗೇಟಲ್ಲಿ ನಿಂತು ಬರೋರಿಗೆಲ್ಲ ನಾನ್ ಬದುಕಿದ್ದೀನಿ ಅಂತ ಹೇಳೋಕೆ. ಸಾಯಿಸಿದೋನೇ ಹೇಳಿದ್ರೆ ನಂಬ್ತಾರೆ.”

“ಸರ್, ಇವತ್ತು ದಂಡು ಹಾಡು...”

“ಹಾಡ್ತೀನಿ. ಈ ಸಿಸ್ಟರ್‌ಗೋಸ್ಕರ ಹಾಡ್ತೀನಿ. ನನ್ನ ಸಾವಿಗೆ ಇಷ್ಟು ಒಳ್ಳೆ ಊಟ ಹಾಕ್ತಾರೆ ಅಂತ ಗೊತ್ತಿದ್ರೆ ಯಾವಾಗ್ಲೋ ಸಾಯ್ತಿದ್ದೆ.” ತಮ್ಮ ಮನೆಯವರಿಗೆಂದು ಇಟ್ಟಿದ್ದ ಮೊದಲ ಸಾಲಿನ ಕುರ್ಚಿಯ ಪಾಸನ್ನು ಅವರು ಬದ್ರುನ್ನೀಸಾಗೆ ಕೊಟ್ಟರು.

ಬದ್ರುನ್ನೀಸಾ ಅದನ್ನು ಬುರ್ಖಾದ ಒಳಗೆ ಇಟ್ಟುಕೊಂಡು, ಗಂಡನ ಮುಂದೆ ಅಂಗೈ ಚಾಚಿದಳು. “ಜೇಬಲ್ಲಿ ಇರೋದು ಕೊಡಿ. ಸಾಮಿಯಾಗೆ.”

ಸನಾವುಲ್ಲಾ ಭಾನುವಾರದ ಟಿಕೆಟ್ ತೆಗೆದು ಕೊಟ್ಟ. ಮಡಿಕೆಯೂ ಬಿದ್ದಿರಲಿಲ್ಲ.

ಆ ಸಂಜೆ ಕೋಲ್ಸ್ ಪಾರ್ಕಿನ ಕಡೆ ಹೋದವರೆಲ್ಲ ಒಂದು ದೃಶ್ಯ ನೋಡಿದರು. ಶಿವಾಜಿನಗರದ ಗೌರವಾನ್ವಿತ ಶೇರ್ವಾನಿ ವ್ಯಾಪಾರಿಯೊಬ್ಬ ಸಭಾಂಗಣದ ಗೇಟಿನಲ್ಲಿ ನಿಂತು, ಇದ್ದಬದ್ದ ಗಂಟಲನ್ನೆಲ್ಲ ಹಿಂಡಿಕೊಂಡು ಕೂಗುತ್ತಿದ್ದ: “ಬನ್ನಿ ಬನ್ನಿ! ಬದುಕಿದ್ದಾರೆ! ಆಬ್ರಿ ಸಾಹೇಬರು ಬದುಕಿದ್ದಾರೆ!” ಕ್ಯಾರೆಟ್ಟು ಮಾರುವವನಿಗೂ ಅಷ್ಟು ಶ್ರದ್ಧೆ ಇರುವುದಿಲ್ಲ. ಮುನಿಶಾಮಿ ತನ್ನ ಟಿಕೆಟ್ ತೋರಿಸಿ ಒಳಗೆ ಹೋಗುವಾಗ ಗೆಳೆಯನ ಹೆಗಲು ತಟ್ಟಿದ. “ಕೊನೆ ಕೇಳ್ಕೊಂಡ್ ಬಂದ್ ಹೇಳ್ತೀನಿ ಭಾಯ್,” ಎಂದ. ಹಿಂದೆಯೇ ಬರುತ್ತಿದ್ದ ಬದ್ರುನ್ನೀಸಾ, “ಹೇಳಿದ್ರೆ ನೋಡಿ!” ಎಂದಳು. ಅವನು ತುಟಿಗೆ ಬೆರಳಿಟ್ಟುಕೊಂಡು ಒಳಗೆ ಹೋದ.

ಕಡೆಗೆ ಆ ಗಳಿಗೆ ಬಂತು. ಒಳಗಿನಿಂದ ಆಬ್ರಿಯ ಸಿಳ್ಳೆ ಕೇಳಿತು. ಇಡೀ ಸಭಾಂಗಣ ತಿರುಗಿ ಸಿಳ್ಳೆ ಹಾಕಿತು. ಸನಾವುಲ್ಲಾ ಗೋಡೆಗೆ ಕಿವಿ ಒತ್ತಿದ. ಪ್ಲಾಟ್‌ಫಾರ್ಮು ಬಂತು, ಪೆಟ್ಟಿಗೆ ಬಂತು, ಹುಡುಗಿ ಬಂದಳು. ಗಾರ್ಡು ಹಸಿರು ಬಾವುಟ ಎತ್ತಿದ. ಹುಡುಗಿ ಕಾಲು ಎತ್ತಿ...

“ರೀ ಸ್ವಾಮಿ,” ಎಂದು ಯಾರೋ ತೋಳು ಹಿಡಿದು ಎಳೆದರು. ಮಾರತ್ತಹಳ್ಳಿಯಿಂದ ಬಸ್ಸು ಬದಲಾಯಿಸಿಕೊಂಡು ಬಂದ ಮುದುಕರೊಬ್ಬರು. “ಆಬ್ರಿ ಹೋಗ್ಬಿಟ್ರಂತೆ, ಹೌದೇನ್ರೀ?”

“ಬದುಕಿದ್ದಾರೆ!”

“ಮತ್ತೆ ಹೋದ್ರು ಅಂದ್ರಲ್ಲ, ಯಾರ್ ಹೇಳಿದ್ದು?”

“ನಾನೇ ಹೇಳಿದ್ದು! ಒಳಗೆ ಹೋಗಿ ಯಜಮಾನ್ರೇ, ದಯವಿಟ್ಟು!”

ತಿರುಗಿ ಕಿವಿ ಒತ್ತುವಷ್ಟರಲ್ಲಿ ಒಳಗೆ ಬರೀ ಚಪ್ಪಾಳೆ.

ಜನ ಹೊರಗೆ ಬಂದರು. ಸಾಮಿಯಾ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ ಬಂದಳು. ಹಿಂದೆ ಬದ್ರುನ್ನೀಸಾ. ಸನಾವುಲ್ಲಾ ಓಡಿಹೋಗಿ ಹೆಂಡತಿಯ ಮುಂದೆ ನಿಂತ.

“ಬೇಗಂ, ಒಂದೇ ಮಾತು. ಕೊನೆಗೆ ಆ ಹುಡುಗಿ ರೈಲು ಹತ್ತಿದಳಾ?”

ಬದ್ರುನ್ನೀಸಾ ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು; ಸಿಳ್ಳೆ ಹಾಕಿ, ಕೂಗಿ ಅವಳ ಗಂಟಲು ಪೂರ್ತಿ ಕೂತಿತ್ತು. ಕೆಮ್ಮಿ ಸರಿಮಾಡಿಕೊಂಡು ಹೇಳಿದಳು:

“ಕೆ.ಆರ್. ಪುರದ ಗೋಡೌನಲ್ಲಿ ಹುಡುಕಿ. ಅಲ್ಲೇ ಎಲ್ಲೋ ಎಣಿಸಿ ಇಟ್ಟಿರ್ತೀರ.”

ಆಮೇಲೆಯೂ ಆಬ್ರಿ ವಾಟ್ಕಿನ್ಸ್ ವರ್ಷವರ್ಷ ಕಟ್ಟಕಡೆಯ ಕಾರ್ಯಕ್ರಮ ಕೊಟ್ಟರು. ದಂಡು ಹಾಡನ್ನು ಮಾತ್ರ ಮತ್ತೆ ಹಾಡಲಿಲ್ಲ. ಸತ್ತ ದಿನ ಹಾಡಿದ್ದೇ ಕೊನೆಯೆಂದು ನಗುತ್ತಿದ್ದರು. ಹುಡುಗಿ ಏನಾದಳೆಂಬುದು ಮನೆಯಲ್ಲಿ ಇಬ್ಬರಿಗೆ ಗೊತ್ತು. ಮೂರನೆಯವನಿಗೆ ಹೇಳುವವರಿಲ್ಲ. ನವೆಂಬರ್ ಬಂತೆಂದರೆ ಬದ್ರುನ್ನೀಸಾ ದಾಲ್ಚಾ ಮಾಡುತ್ತಾಳೆ. ಅದನ್ನು ಕಾಕ್ಸ್ ಟೌನಿಗೆ ಹೊತ್ತುಕೊಂಡು ಹೋಗಿ ಆಬ್ರಿಯ ಮೇಜಿನ ಮೇಲೆ ಇಡುವವನು ಸನಾವುಲ್ಲಾ. ಬೇಸರವಿಲ್ಲದೆ ಹೋಗುತ್ತಾನೆ. ಅವರಿಗೆ ಅವನು ಕೊಡಬೇಕಾದ ಒಂದು ಪ್ರಾಣ ಇನ್ನೂ ಬಾಕಿ.